ದುರ್ಗ ನೋಡುವ ಮುಂಚೆ ಪುಸ್ತಕವೋ, ಸಿನಿಮಾವೋ?

ಚಿತ್ರದುರ್ಗದ ಕೋಟೆ ನೋಡಲು ಬರುವ ಮುಂಚೆ ತರಾಸು ಅವರ ಕಾದಂಬರಿ 'ದುರ್ಗಾಸ್ತಮಾನ' ಓದಲೇ, 'ನಾಗರಹಾವು' ಸಿನಿಮಾ ನೋಡಲೇ ಅಂತ ಕೇಳಿದ್ದೀರಿ. ನಾನು ಚಿತ್ರದುರ್ಗದವನು. ಮೊದಲು ಪುಸ್ತಕ ಓದಿ ಸರ್.

ದಪ್ಪ ಪುಸ್ತಕ ಅಂತ ಹೆದರಬೇಡಿ. ದುರ್ಗದ ಕೊನೆಯ ಪಾಳೆಯಗಾರ ಮದಕರಿ ನಾಯಕ ಪಟ್ಟಕ್ಕೆ ಬಂದಲ್ಲಿಂದ 1779ರಲ್ಲಿ ಕೋಟೆ ಹೈದರಾಲಿ ಕೈಸೇರುವವರೆಗಿನ ಕಥೆ. ಸೋಲು ಗೊತ್ತಿದ್ದೂ ಓದುತ್ತೀರಿ, ಈ ಸಲವಾದರೂ ಗೆಲ್ಲಲಿ ಅಂತ ಮನಸ್ಸು ಬೇಡುತ್ತದೆ. ನನಗೆ ಅದಕ್ಕಿಂತ ದೊಡ್ಡ ಐತಿಹಾಸಿಕ ಕಾದಂಬರಿ ಕನ್ನಡದಲ್ಲಿಲ್ಲ. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂದಿದೆ.

1972ರ ಸಿನಿಮಾ ಬೇರೆಯೇ ರುಚಿ. ತರಾಸು ಅವರ ಮೂರು ಕಾದಂಬರಿ ಸೇರಿಸಿ ನಿರ್ದೇಶಕ ಪುಟ್ಟಣ್ಣ ಕಣಗಾಲ್ ಮಾಡಿದ್ದು. ಇತಿಹಾಸಕ್ಕಾಗಿ ಅಲ್ಲ, ಕಥಾನಾಯಕ ರಾಮಾಚಾರಿಯ ಸಿಟ್ಟಿಗಾಗಿ ನೋಡಿ. ಓಬವ್ವನ ಹಾಡನ್ನು ಮಾತ್ರ ಬಿಡಬೇಡಿ. ಆಮೇಲೆ ಕೋಟೆಯಲ್ಲಿರುವ ಓಬವ್ವನ ಕಿಂಡಿ ನೋಡಲು ಹೋಗಿ. ಬಿಸಿಲು ಜಾಸ್ತಿ, ಬೆಳಿಗ್ಗೆಯೇ ಹತ್ತಿ.