ಸಂಪಾದಕರ ಉತ್ತರ: ಆ ಪೆಪ್ಟೈಡ್ ಇಂಜೆಕ್ಷನ್ ತರಿಸಬಹುದೇ?

ಮೇಡಂ, ನಿಮ್ಮ ಪತ್ರ ಓದಿದ ಕೂಡಲೇ ಉತ್ತರ ಬರೆಯಲು ಕೂತೆ. ನಮ್ಮ ಹೋದ ಸಂಚಿಕೆಯ 'ಮುದಿ ಜೀವಕೋಶಕ್ಕೆ ಮತ್ತೆ ಹರೆಯ' ಟಿಪ್ಪಣಿ ನೋಡಿ, 78 ವರ್ಷದ ನಿಮ್ಮ ಯಜಮಾನರಿಗೆ ಎಪಿಟಾಲಾನ್ ಎಂಬ ಪೆಪ್ಟೈಡ್ ಇಂಜೆಕ್ಷನ್ ಆನ್‌ಲೈನಲ್ಲಿ ತರಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ತರಿಸಬೇಡಿ. ಆ ತಲೆಬರಹ ಕೊಟ್ಟವನು ನಾನು. ಅದು ತಪ್ಪು.

ಪ್ರಯೋಗದಲ್ಲಿ ನಡೆದದ್ದು ಬೇರೆ. ನಮ್ಮ ಮೈಯ ಹೆಚ್ಚುಕಡಿಮೆ ಒಂದೊಂದು ಜೀವಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇರುತ್ತದೆ. ಅದು ಹಿಸ್ಟೋನ್ ಎಂಬ ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಎರಡೂ ಸೇರಿದ್ದು ಕ್ರೊಮ್ಯಾಟಿನ್. ಸುತ್ತು ಸಡಿಲ ಇದ್ದಲ್ಲಿ ಜೀನ್‌ಗಳು ಕೆಲಸ ಮಾಡುತ್ತವೆ, ಬಿಗಿ ಇದ್ದಲ್ಲಿ ಸುಮ್ಮನಿರುತ್ತವೆ. ವಯಸ್ಸಾದಂತೆ ಕೆಲವು ಕಡೆ ಈ ಬಿಗಿ ಜಾಸ್ತಿಯಾಗುತ್ತದೆ ಎಂಬುದು ಜಾರ್ಜಿಯಾ ದೇಶದ ವಿಜ್ಞಾನಿ ತೈಮುರಾಜ್ ಲೆಜಾವಾ ಅವರ ವಾದ. ಅವರೂ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ವಿಜ್ಞಾನಿ ವ್ಲಾದಿಮಿರ್ ಖಾವಿನ್ಸನ್ ಅವರೂ 76ರಿಂದ 80 ವಯಸ್ಸಿನವರ ರಕ್ತದ ಲಿಂಫೋಸೈಟ್‌ಗಳನ್ನು (ಒಂದು ಬಗೆಯ ಬಿಳಿ ರಕ್ತಕಣಗಳು) ಲ್ಯಾಬಿನಲ್ಲಿ ಬೆಳೆಸಿ, ಎಪಿಟಾಲಾನ್ ಸೇರಿಸಿ ನೋಡಿದರು. ಇದು ಬರೀ ನಾಲ್ಕು ಅಮೈನೋ ಆಮ್ಲಗಳ ಸರಪಳಿ; ಇಂಥ ಚಿಕ್ಕ ಸರಪಳಿಗೇ ಪೆಪ್ಟೈಡ್ ಎನ್ನುವುದು. ಬಿಗಿದಿದ್ದ ಕ್ರೊಮ್ಯಾಟಿನ್ ಅಲ್ಲಲ್ಲಿ ಸಡಿಲವಾಯಿತು, ಪ್ರೋಟೀನ್ ತಯಾರಿಸುವ ರೈಬೋಸೋಮಿನ ಜೀನ್‌ಗಳು ಚುರುಕಾದವು ಎಂದು 2003ರಲ್ಲಿ ಬರೆದರು.

ಸಡಿಲವಾಯಿತು, ಸರಿ. ಆದರೆ ಸಡಿಲವಾಗುವುದೆಲ್ಲ ಒಳ್ಳೆಯದೇ? ಹೆಣ್ಣಿನ ಜೀವಕೋಶದಲ್ಲಿ ಎರಡು ಎಕ್ಸ್ ಕ್ರೋಮೋಸೋಮ್‌ಗಳಲ್ಲಿ ಒಂದು ಬಿಗಿಯಾಗಿ ಮುಚ್ಚಿಕೊಂಡೇ ಇರಬೇಕು. ಲಿವರಿನ ಜೀವಕೋಶದಲ್ಲಿ ಕಣ್ಣಿಗೆ ಬೇಕಾದ ಜೀನ್ ತೆರೆದುಕೊಳ್ಳಬಾರದು. ಮುಚ್ಚಿರಬೇಕಾದ್ದು ತೆರೆದುಕೊಳ್ಳುವುದು ಕ್ಯಾನ್ಸರಿನಲ್ಲೂ ಕಾಣುವ ಸಂಗತಿ. ಅದೇ ವರ್ಷ ಖಾವಿನ್ಸನ್ ತಂಡ ಎಪಿಟಾಲಾನ್ ಕ್ರೋಮೋಸೋಮಿನ ತುದಿಗಳನ್ನು ಮತ್ತೆ ಉದ್ದ ಮಾಡುವ ಟೆಲೊಮರೇಸ್ ಎಂಬ ಕಿಣ್ವವನ್ನೂ ಎಬ್ಬಿಸುತ್ತದೆ ಎಂದು ವರದಿ ಮಾಡಿತು. ಬಹುಪಾಲು ಕ್ಯಾನ್ಸರ್ ಕೋಶಗಳು ಸಾಯದೆ ಉಳಿಯುವುದು ಇದೇ ಕಿಣ್ವದ ಬಲದಿಂದ. ಹೀಗಿರುವಾಗ ಮನೆಯಲ್ಲಿ ನಾವೇ ಚುಚ್ಚಿಕೊಳ್ಳುವುದು ನನಗೆ ಭಯದ ಮಾತು.

ಆ ಕೆಲಸವನ್ನು ನಾನು ತಳ್ಳಿಹಾಕುತ್ತಿಲ್ಲ. ನಾಲ್ಕೇ ಕೊಂಡಿಯ ಒಂದು ತುಣುಕು 300 ಕೋಟಿ ಅಕ್ಷರಗಳ ಡಿಎನ್‌ಎಯಲ್ಲಿ ತನ್ನ ಜಾಗ ಹೇಗೆ ಹುಡುಕುತ್ತದೆ? ಎಂಥ ಚೆಂದದ ಪ್ರಶ್ನೆ ಅಲ್ವಾ! ಆದರೆ ಈ ಬಗೆಗಿನ ಬರಹಗಳಲ್ಲಿ ಹೆಚ್ಚಿನವು ಒಂದೇ ಬಳಗದಿಂದ ಬಂದಿವೆ. ಬೇರೆ ಲ್ಯಾಬ್‌ಗಳೂ ಮಾಡಿ ನೋಡಬೇಕು. ಆಮೇಲೆ ಮನುಷ್ಯರ ಮೇಲೆ ದೊಡ್ಡ ಪರೀಕ್ಷೆ ನಡೆಯಬೇಕು.

ಯಜಮಾನರಿಗೆ ಈಚೆಗೆ ಸುಸ್ತು ಜಾಸ್ತಿ ಎಂದಿದ್ದೀರಿ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಶುಗರ್ ಪರೀಕ್ಷೆ ಮಾಡಿಸಿ. ಈಗ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ತಲೆಬರಹದ ತಿದ್ದುಪಡಿಯನ್ನು ಇದೇ ಸಂಚಿಕೆಯ ಮೊದಲ ಪುಟದಲ್ಲಿ ಹಾಕಿದ್ದೇನೆ.

– ಸಂಪಾದಕ