ಸಂಪಾದಕರ ಉತ್ತರ: ಕ್ರಾಸಿಂಗ್ ಬೇಕು, ಆದರೆ ಆ ಜಾಗದಲ್ಲಲ್ಲ

ಮಾನ್ಯರೇ,

ನಿಮ್ಮ ಬಡಾವಣೆಯ ಮುಖ್ಯರಸ್ತೆಗೆ ಜೀಬ್ರಾ ಕ್ರಾಸಿಂಗ್ ಹಾಕುವ ಪ್ರಸ್ತಾವದ ಬಗ್ಗೆ ನಿವಾಸಿಗಳ ಪರವಾಗಿ ನೀವು ಬರೆದ ಪತ್ರ ತಲುಪಿದೆ. ಗೊತ್ತುಮಾಡಿರುವ ಜಾಗ ತಿರುವಿನಿಂದ ಬರೀ 40 ಮೀಟರ್ ದೂರದಲ್ಲಿದೆ, ಪಟ್ಟಿಯನ್ನು ನಂಬಿ ಮಕ್ಕಳು ಹಿಂದುಮುಂದು ನೋಡದೆ ರಸ್ತೆಗಿಳಿಯುತ್ತಾರೆ, ಮನೆ ಮುಂದೆ ವಾಹನ ನಿಲ್ಲಿಸಲು ಆಗುವುದಿಲ್ಲ, ಸದ್ದು ಹೆಚ್ಚುತ್ತದೆ, ಆದ್ದರಿಂದ ಕ್ರಾಸಿಂಗೇ ಬೇಡ ಎಂಬುದು ಅದರ ಸಾರ. ಮೊದಲ ಎರಡು ಆತಂಕಗಳು ನಮ್ಮವೂ ಹೌದು. ಅವುಗಳಿಂದ ನೀವು ತಲುಪಿರುವ ತೀರ್ಮಾನವನ್ನು ಮಾತ್ರ ಒಪ್ಪಲಾಗುತ್ತಿಲ್ಲ.

ಗಂಟೆಗೆ 50 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ದಾಟುವವರನ್ನು ಕಂಡ ಚಾಲಕ ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿ ಒಂದು ಸೆಕೆಂಡಾದರೂ ಕಳೆದಿರುತ್ತದೆ. ಬ್ರೇಕ್ ಹಾಕಿದ ಮೇಲೆ ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ ಅಷ್ಟೇ ದೂರ ಬೇಕು. ಮಳೆಯಲ್ಲಿ ಒಟ್ಟು ದೂರ 40 ಮೀಟರಿನ ಹತ್ತಿರಕ್ಕೆ ಹೋಗುತ್ತದೆ, ಅಂದರೆ ಆ ತಿರುವು ಕೊಡುವ ಅವಕಾಶವೆಲ್ಲ ಅಲ್ಲಿಗೇ ಮುಗಿಯಿತು. ಸೆಕೆಂಡಿಗೆ 0.8 ಮೀಟರಿನಂತೆ ನಡೆಯುವ ವೃದ್ಧೆಯೊಬ್ಬರಿಗೆ 7 ಮೀಟರ್ ಅಗಲದ ರಸ್ತೆ ದಾಟಲು ಸುಮಾರು 9 ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ಅದೇ ಕಾರು 120 ಮೀಟರ್ ಬಂದಿರುತ್ತದೆ. ಅವರು ಎಡಬಲ ನೋಡಿ, ರಸ್ತೆ ಖಾಲಿಯಿದೆಯೆಂದು ಖಾತ್ರಿ ಮಾಡಿಕೊಂಡೇ ಇಳಿದಾಗ ಆ ಕಾರು ತಿರುವಿನಾಚೆ ಎಲ್ಲೋ ಇತ್ತು. ಜಾಗ ಬದಲಾಗಲೇಬೇಕು. ಹಾಗೆಂದು ಜನರು ದಾಟದ ಕಡೆಗೆ ಅದನ್ನು ಒಯ್ದರೂ ಫಲವಿಲ್ಲ. ಬಸ್ಸಿಗೆ ಹೊರಟವರು ಪಟ್ಟಿ ಹುಡುಕಿಕೊಂಡು ದೂರ ಸುತ್ತಿ ಬರುವುದಿಲ್ಲ.

ಹುಸಿ ಧೈರ್ಯದ ಭಯಕ್ಕೂ ಆಧಾರವಿದೆ. ವಾಹನದಟ್ಟಣೆಯ ಬಹುಪಥ ರಸ್ತೆಗಳಲ್ಲಿ ಬೇರಾವ ವ್ಯವಸ್ಥೆಯೂ ಇಲ್ಲದೆ ಬರೀ ಪಟ್ಟಿ ಬಳಿದ ಕಡೆ, ಪಟ್ಟಿಯೇ ಇಲ್ಲದ ಕಡೆಗಿಂತ ಪಾದಚಾರಿ ಅಪಘಾತಗಳ ಪ್ರಮಾಣ ಹೆಚ್ಚಿದ್ದುದನ್ನು ಅಮೆರಿಕದ ಫೆಡರಲ್ ಹೆದ್ದಾರಿ ಆಡಳಿತ 2005ರಲ್ಲಿ ಪ್ರಕಟಿಸಿದ ಅಧ್ಯಯನ ದಾಖಲಿಸಿದೆ. ಆದರೆ ನಿಮ್ಮದರಂಥ ಎರಡು ಪಥದ ರಸ್ತೆಗಳಲ್ಲಿ ಆ ವ್ಯತ್ಯಾಸ ಕಂಡಿರಲಿಲ್ಲ ಎಂಬುದನ್ನೂ ಅದೇ ಅಧ್ಯಯನ ಹೇಳುತ್ತದೆ. ಬಣ್ಣ ಎಚ್ಚರಿಸಬಲ್ಲದು, ವೇಗವನ್ನು ತಗ್ಗಿಸಲಾರದು. ಆದ್ದರಿಂದ ಪಟ್ಟಿಯನ್ನು ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿ ಕಟ್ಟಬೇಕೆಂದು ಕೇಳಿ. ವಾಹನಗಳು ಅದನ್ನು ಗಂಟೆಗೆ 30 ಕಿ.ಮೀ. ವೇಗದಲ್ಲಿ ಸಮೀಪಿಸುವಂತಾದರೆ, ಒಣ ರಸ್ತೆಯಲ್ಲಿ ನಿಲ್ಲಲು ಅವಕ್ಕೆ 13 ಮೀಟರ್‌ಗಳಷ್ಟು ಸಾಕು; 50ರಲ್ಲಿ ಬಂದ ಕಾರಿಗೆ ಆ ಜಾಗದಲ್ಲಿ ಇನ್ನೂ ಬ್ರೇಕ್ ಹತ್ತಿರುವುದೇ ಇಲ್ಲ. ಎತ್ತರಿಸಿದ ಕಡೆ ಸದ್ದಿನ ತೊಂದರೆ ಒಂದಿಷ್ಟು ಇದ್ದೇ ಇರುತ್ತದೆ, ಇಳಿಜಾರು ಸಾವಕಾಶವಾಗಿದ್ದರೆ ಅದು ಕಡಿಮೆಯಾಗುತ್ತದೆ.

ವಾಹನ ನಿಲ್ಲಿಸುವ ವಿಚಾರದಲ್ಲಿ ಮಾತ್ರ ನಮ್ಮ ಭಿನ್ನಾಭಿಪ್ರಾಯ ಸ್ಪಷ್ಟ. ಪಟ್ಟಿಯ ಪಕ್ಕದಲ್ಲೇ ವ್ಯಾನೊಂದು ನಿಂತಿದ್ದರೆ ಅದರ ಹಿಂದಿರುವ ಏಳು ವರ್ಷದ ಮಗುವಿಗೆ ರಸ್ತೆ ಕಾಣುವುದಿಲ್ಲ. ನೋಡಬೇಕೆಂದರೆ ಅದು ವ್ಯಾನಿನ ಮೂತಿ ದಾಟಿ ಎರಡು ಹೆಜ್ಜೆ ಮುಂದೆ ಬರಬೇಕು, ಚಾಲಕನಿಗೂ ಅದು ಮೊದಲು ಕಾಣುವುದು ಆಗಲೇ. ಮಕ್ಕಳ ಬಗ್ಗೆ ಅಷ್ಟು ಕಾಳಜಿಯಿಂದ ಬರೆದಿರುವ ನೀವು ಅಲ್ಲಿನ ಕೆಲವು ಕಾರುಗಳ ಜಾಗವನ್ನು ಬಿಟ್ಟುಕೊಡಲು ನೆರೆಹೊರೆಯವರನ್ನು ಒಪ್ಪಿಸಬೇಕೆಂಬುದು ನಮ್ಮ ಕಳಕಳಿಯ ವಿನಂತಿ.

ಆಕ್ಷೇಪಣೆ ಸಲ್ಲಿಸುವ ಮುನ್ನ, ಬೆಳಗ್ಗೆ ಮತ್ತು ಶಾಲೆ ಬಿಡುವ ಹೊತ್ತಿಗೆ ಜನರು ನಿಜವಾಗಿ ಎಲ್ಲೆಲ್ಲಿ ದಾಟುತ್ತಾರೆಂದು ನಿವಾಸಿಗಳೇ ನಿಂತು ನೋಡಿ, ಒಂದು ನಕ್ಷೆಯಲ್ಲಿ ಗುರುತಿಸಿ ಅರ್ಜಿಯ ಜೊತೆಗಿಡಿ. ಬದಲಿ ಜಾಗವನ್ನು ಆ ನಕ್ಷೆಯ ಮೇಲೆಯೇ ಸೂಚಿಸಬಹುದು.

— ಸಂಪಾದಕ