ಸ್ಪ್ಲೆಂಡರ್ ಇಳಿದು ಅಡ್ವೆಂಚರ್ ಬೈಕ್ ಹತ್ತೋರ ಪ್ರಶ್ನೆಗಳು

ಪುಣೆಯಲ್ಲಿ ನನ್ನ ಕೆಲಸ ದೊಡ್ಡ ಬೈಕ್ ಓಡಿಸೋದನ್ನ ಕಲಿಸೋದು, ಜತೆಗೆ ರಿಪೇರಿ. ದಸರಾ ಹತ್ತಿರ ಬಂತು ಅಂದ್ರೆ ಚಿಂಚವಡ, ಹಡಪ್ಸರ್, ಕಾತ್ರಜ್ ಕಡೆ ಇರೋ ನಮ್ಮ ಕನ್ನಡದೋರಿಂದ ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರ್ತವೆ, ಉತ್ತರ ಕೊಟ್ಟರೂ ಮುಂದಿನ ವಾರ ಇನ್ನೊಬ್ಬರು ಅದನ್ನೇ ಕೇಳ್ತಾರೆ. ಹಾಗಾಗಿ ಒಂದು ಸಲ ಕೂತು ಬರೆದು ಮುಗಿಸ್ತಿದೀನಿ. ಹೆಲ್ಮೆಟ್ ಬೇಕಾ, ಗ್ಲೌಸ್ ಬೇಕಾ ಅಂತ ಕೇಳಿದೋರಿಗೆ ಇಲ್ಲಿ ಉತ್ತರ ಇಲ್ಲ, ಅದು ಗೊತ್ತಿಲ್ಲದೋರು ಶೋರೂಮ್ ಕಡೆ ಹೋಗೋದೇ ಬೇಡ.

ಪ್ರಶ್ನೆ: ಸರ್, ಊರು ವಿಜಯಪುರ, ಕೆಲಸ ಚಿಂಚವಡದಲ್ಲಿ. 2008ರ ಸ್ಪ್ಲೆಂಡರ್ ಇದೆ, ಇವತ್ತಿನ ತನಕ ಒಂದು ಸಲವೂ ಬಿದ್ದಿಲ್ಲ. ವಯಸ್ಸು 41, ಎತ್ತರ 5 ಅಡಿ 5 ಇಂಚು. ರಾಯಲ್ ಎನ್‌ಫೀಲ್ಡ್‌ನ ಅಡ್ವೆಂಚರ್ ಬೈಕ್ ಹಿಮಾಲಯನ್ 450 ಬುಕ್ ಮಾಡಿದೀನಿ. ಕಾಲು ಪೂರ್ತಿ ನೆಲಕ್ಕೆ ಊರಲ್ಲ, ಗ್ಯಾರೇಜಿನವರು ಗಾಡಿ ತಗ್ಗಿಸೋ ಲೋವರಿಂಗ್ ಲಿಂಕ್ ಹಾಕಿಸಿ ಅಂತಾರೆ. ಗಾಡಿ ಬಂದ ತಿಂಗಳಲ್ಲೇ ಫ್ರೆಂಡ್ಸ್ ಜತೆ ಲಡಾಖ್ ಪ್ಲ್ಯಾನ್ ಇದೆ. ಇಷ್ಟು ವರ್ಷದ ಅನುಭವ ಸಾಕಲ್ವಾ?

ಸಾಲಲ್ಲ. ಕೆಲಸಕ್ಕೆ ಬರಲ್ಲ ಅಂತ ಹೇಳ್ತಿಲ್ಲ. ಪಿಎಂಪಿ ಸಿಟಿ ಬಸ್ಸು ಯಾವಾಗ ಎಡಕ್ಕೆ ನುಗ್ಗುತ್ತೆ, ರಿಕ್ಷಾದೋನು ಸಿಗ್ನಲ್ ಕೊಡದೆ ಎಲ್ಲಿ ತಿರುಗ್ತಾನೆ, ಇದೆಲ್ಲ ನಿಮ್ಮ ಕಣ್ಣಿಗೆ ಗೊತ್ತು, ಅದು ಯಾವ ಬೈಕಿಗೂ ಬೇಕು. ಆದ್ರೆ ನಿಮ್ಮ ಕೈ ಕಾಲು ಕಲಿತಿರೋದು 110 ಕೆಜಿ ಆಸುಪಾಸಿನ ಗಾಡಿಯನ್ನ, ಆ ಅಭ್ಯಾಸಾನ ಈ ಗಾಡಿ ಮೇಲೆ ಬಿಡಿಸಬೇಕು, ಬಿಡಿಸೋದು ಹೊಸದಾಗಿ ಕಲಿಸೋದಕ್ಕಿಂತ ಕಷ್ಟ. ಇವತ್ತಿನ ತನಕ ಬೈಕೇ ಹತ್ತದ ಹುಡುಗರು ನನ್ನ ಹತ್ರ ಬೇಗ ಕಲೀತಾರೆ, ತಡ ಆಗೋದು ನಿಮ್ಮಂಥೋರಿಗೇ.

ಲೆಕ್ಕ ನೋಡಿ. ಸ್ಪ್ಲೆಂಡರ್ ಪವರ್ 8 ಪಿಎಸ್, ಹಿಮಾಲಯನ್ 450 ಅಂದ್ರೆ 40 ಪಿಎಸ್, 196 ಕೆಜಿ. ಎಲ್ಲರೂ ಆ 40 ನೋಡಿ ಹೆದರ್ತಾರೆ ಇಲ್ಲ ಖುಷಿಪಡ್ತಾರೆ, ನನಗೆ ಚಿಂತೆ ಆ 196ರದ್ದು. ಪವರ್ ನಿಮ್ಮ ಬಲಗೈ ಮಾತು ಕೇಳುತ್ತೆ, ತಿರುವಿದಷ್ಟೇ ಬರುತ್ತೆ. ತೂಕ ಯಾರ ಮಾತೂ ಕೇಳಲ್ಲ. ಅದರಲ್ಲೂ ಈ ಗಾಡಿಗಳಲ್ಲಿ ತೂಕ ಮೇಲ್ಗಡೆ ಇರುತ್ತೆ, 17 ಲೀಟರ್ ಟ್ಯಾಂಕ್ ತುಂಬಿಸಿದ್ರೆ ಪೆಟ್ರೋಲ್ ಒಂದೇ 12 ಕೆಜಿ ಹತ್ರ ಆಗುತ್ತೆ, ಅದೂ ನಿಮ್ಮ ಹೊಟ್ಟೆ ಮುಂದೆ. ತುಂಬಿದ ಕೊಡ ನೆಟ್ಟಗೆ ಹೊತ್ತಾಗ ಹಗುರ, ಸ್ವಲ್ಪ ವಾಲಿತು ಅಂದ್ರೆ ಸೊಂಟ ಉಳುಕುತ್ತಲ್ಲ, ಇದೂ ಹಾಗೆ. ಹೈವೇಲಿ 80ರಲ್ಲಿ ಹೋಗುವಾಗ ಗಾಡಿ ತಾನೇ ನೆಟ್ಟಗೆ ನಿಲ್ಲುತ್ತೆ. ಬೀಳಿಸೋದು ಪೆಟ್ರೋಲ್ ಬಂಕಲ್ಲಿ, ಸೊಸೈಟಿ ಗೇಟಲ್ಲಿ, ಯೂ ಟರ್ನಲ್ಲಿ, ಬೇಸ್‌ಮೆಂಟ್ ಪಾರ್ಕಿಂಗ್ ಇಳಿಜಾರಲ್ಲಿ. ನನ್ನ ಹತ್ರ ಒಡೆದ ಲಿವರ್, ಬೆಂಡಾದ ಹ್ಯಾಂಡಲ್ ತಗೊಂಡು ಬರೋರಲ್ಲಿ ಮುಕ್ಕಾಲು ಜನ ನಡಿಗೆ ಸ್ಪೀಡಲ್ಲಿ ಬಿದ್ದೋರು.

ಯಾಕೆ ಬೀಳ್ತಾರೆ? ಸ್ಪ್ಲೆಂಡರಲ್ಲಿ ನೀವು ತಿರುಗೋ ಹೊತ್ತಿಗೆ ಎರಡೂ ಕಾಲು ಕೆಳಗೆ ಬಿಟ್ಟು, ಕಣ್ಣು ಮುಂದಿನ ಚಕ್ರದ ಮೇಲೆ ಇಟ್ಟು, ಹ್ಯಾಂಡಲ್ ಪೂರ್ತಿ ತಿರುಗಿಸಿ, ಕೊನೆಗೆ ಮುಂದಿನ ಬ್ರೇಕ್ ಹಿಡಿದು ನಿಲ್ಲಿಸ್ತೀರಿ, ಗಾಡಿ ವಾಲಿದ್ರೆ ಕಾಲಲ್ಲೇ ಎತ್ತಿ ನಿಲ್ಲಿಸ್ತೀರಿ. ದೊಡ್ಡ ಗಾಡಿಯಲ್ಲಿ ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಹಿಡಿದ್ರೆ ಮುಂದಿನ ಚಕ್ರ ಹಿಡಿದಿರೋ ಫೋರ್ಕ್ ಕುಸಿದು ತೂಕ ಪೂರ್ತಿ ತಿರುಗಿದ ಕಡೆಗೇ ಬೀಳುತ್ತೆ, ಆ ಕಡೆ ನಿಮ್ಮ ಕಾಲಿರುತ್ತೆ. ಅದಕ್ಕೆ ಮೊದಲು ಕಲಿಯಬೇಕಾದ್ದು ಇದು: ನಿಧಾನದ ತಿರುವಲ್ಲಿ ಕೈ ಮುಂದಿನ ಬ್ರೇಕ್ ಮುಟ್ಟಬಾರದು. ಹಾಫ್ ಕ್ಲಚ್ ಹಿಡಿದುಕೊಂಡು, ಆಕ್ಸಿಲರೇಟರ್ ಒಂದೇ ಸಮ ಇಟ್ಟು, ಹಿಂದಿನ ಬ್ರೇಕ್ ಮೇಲೆ ಕಾಲು ಲೈಟಾಗಿ ಒತ್ತಿ ಇಟ್ಟರೆ ಗಾಡಿ ದಾರ ಕಟ್ಟಿದಂಗೆ ನೆಟ್ಟಗೆ ಇರುತ್ತೆ, ಕತ್ತು ತಿರುಗಿಸಿ ಹೋಗಬೇಕಾದ ಕಡೆ ನೋಡಿ, ಗಾಡಿ ಒಳಗೆ ವಾಲಿದ್ರೆ ನೀವು ಮೈಯನ್ನ ಹೊರಗೆ ತನ್ನಿ, ಕಾಲು ಫುಟ್‌ಪೆಗ್ ಮೇಲೇ ಇರಲಿ. ಭಾನುವಾರ ಬೆಳಗ್ಗೆ ಖಾಲಿ ಮೈದಾನಕ್ಕೆ ಹೋಗಿ, ಅರ್ಧ ಟ್ಯಾಂಕ್ ಪೆಟ್ರೋಲ್ ಹಾಕಿಕೊಂಡು, ಬಾಟಲಿ ಇಟ್ಟು ಎಂಟರ ಆಕಾರದಲ್ಲಿ ಸುತ್ತಿ, ಬಲಕ್ಕೂ ಎಡಕ್ಕೂ. ಬಲಕ್ಕೆ ತಿರುಗೋದು ಎಲ್ಲರಿಗೂ ಕಷ್ಟ ಆಗುತ್ತೆ, ಅದನ್ನೇ ಜಾಸ್ತಿ ಮಾಡಿ. ಬೇಜಾರಾಗುತ್ತೆ, ಗೊತ್ತು. ಬೇಜಾರಾದ ಮೇಲೂ ಮಾಡಿ.

ಇಷ್ಟಾದ ಮೇಲೂ ಗಾಡಿ ವಾಲಿ ಕೈಮೀರಿತು ಅಂದ್ರೆ ಬಿಟ್ಟುಬಿಡಿ. ಹೊಸ ಗಾಡಿ ಅಂತ ತಡೆಯೋಕೆ ಹೋಗಿ ಮಂಡಿ ಲಿಗಮೆಂಟ್ ಹರ್ಕೊಂಡೋರನ್ನ ನೋಡಿದೀನಿ. ಕ್ರ್ಯಾಶ್ ಗಾರ್ಡ್ ಇರೋದೇ ಅದಕ್ಕೆ. ಎತ್ತುವಾಗ ಮೊದಲು ಇಗ್ನಿಷನ್ ಆಫ್, ಬಲಕ್ಕೆ ಬಿದ್ದಿದ್ರೆ ಸೈಡ್ ಸ್ಟ್ಯಾಂಡ್ ಮೊದಲೇ ಹೊರಗೆ ಚಾಚಿಡಿ, ಆಮೇಲೆ ಗಾಡಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕೈ ಹ್ಯಾಂಡಲ್, ಇನ್ನೊಂದು ಕೈ ಹಿಂದಿನ ಗ್ರ್ಯಾಬ್ ರೈಲ್ ಹಿಡಿದು, ಕಾಲಿನ ಶಕ್ತಿಯಿಂದ ಹಿಂದಕ್ಕೆ ಸಣ್ಣ ಹೆಜ್ಜೆ ಇಡ್ತಾ ಎತ್ತಿ. ಸೊಂಟ ಬಗ್ಗಿಸಿ ಎತ್ತಿದ್ರೆ ಮರುದಿನ ಎದ್ದೇಳಲ್ಲ.

ಈಗ ಲೋವರಿಂಗ್ ಲಿಂಕ್. ಇದನ್ನ ಕೇಳಿದ್ರೆ ನನಗೆ ಸಿಟ್ಟು ಬರುತ್ತೆ. ಲೇತಲ್ಲಿ ಕೊರೆದ ಎರಡು ಪಟ್ಟಿ ಹಾಕಿ ಗಾಡಿ ಹಿಂಭಾಗ ಇಳಿಸೋರಿಗೆ ಮುಂಭಾಗ ಏನಾಗುತ್ತೆ ಅನ್ನೋ ಯೋಚನೆಯೇ ಇಲ್ಲ. ಹಿಂದೆ ಮಾತ್ರ ಇಳಿದ್ರೆ ಫೋರ್ಕಿನ ಕೋನ ಬದಲಾಗಿ ಸ್ಟೀರಿಂಗ್ ಮೊಂಡಾಗುತ್ತೆ, ಗ್ರೌಂಡ್ ಕ್ಲಿಯರೆನ್ಸ್ ಹೋಗುತ್ತೆ, ಲೋಡ್ ಹಾಕಿ ಗುಂಡಿಗೆ ಇಳಿಸಿದ್ರೆ ಟೈರ್ ಮಡ್‌ಗಾರ್ಡಿಗೆ ತಾಗಬಹುದು, ಸೈಡ್ ಸ್ಟ್ಯಾಂಡ್ ಉದ್ದ ಉಳಿದು ಗಾಡಿ ನೆಟ್ಟಗೆ ನಿಂತು ಗಾಳಿಗೇ ಬಲಕ್ಕೆ ಮಗುಚುತ್ತೆ. ಆ ಲಿಂಕ್ ಮುರಿದ್ರೆ ಇನ್ಶೂರೆನ್ಸ್‌ನೋರು ಮೊದಲು ಕೇಳೋದು ಈ ಮಾಡಿಫಿಕೇಶನ್ ನಮಗೆ ತಿಳಿಸಿದ್ರಾ ಅಂತ. ನಿಮ್ಮ ಎತ್ತರಕ್ಕೆ ಇದು ಬೇಕೇ ಇಲ್ಲ. ಸೀಟ್ 825 ಎಂಎಂ, ಕಂಪನಿಯದ್ದೇ ಲೋ ಸೀಟ್ ಸಿಗುತ್ತೆ, ದಪ್ಪ ಅಟ್ಟೆಯ ರೈಡಿಂಗ್ ಬೂಟ್ ಹಾಕಿದ್ರೆ ಇನ್ನೊಂದಿಷ್ಟು ಸಿಗುತ್ತೆ. ಎರಡೂ ಪಾದ ಪೂರ್ತಿ ಊರಬೇಕು ಅನ್ನೋದೇ ಸ್ಪ್ಲೆಂಡರ್ ಅಭ್ಯಾಸ. ನಿಲ್ಲುವಾಗ ಎಡಗಾಲು ಒಂದು ಗಟ್ಟಿಯಾಗಿ ಊರಿದ್ರೆ ಸಾಕು, ಸೀಟ್ ಮೇಲೆ ಎಡಕ್ಕೆ ಸ್ವಲ್ಪ ಸರಿದು ಕೂತ್ರೆ ಪಾದ ಪೂರ್ತಿ ಸಿಗುತ್ತೆ, ಬಲಗಾಲು ಹಿಂದಿನ ಬ್ರೇಕ್ ಮೇಲೆ. ಆದ್ರೆ ಕಾಲಿಡೋ ಜಾಗ ನಿಲ್ಲೋ ಮುಂಚೆಯೇ ನೋಡಿಕೊಳ್ಳಿ, ಅಲ್ಲಿ ಜಲ್ಲಿಯೋ ಗುಂಡಿಯೋ ಇದ್ರೆ ಎರಡು ಅಡಿ ಮುಂದೆ ಹೋಗಿ ನಿಲ್ಲಿಸಿ.

ಬ್ರೇಕ್ ವಿಚಾರ. ಹಳೇ ಗಾಡಿಯಲ್ಲಿ ಎರಡೂ ಕಡೆ ಡ್ರಮ್, ನಿಮ್ಮ ಬಲಗಾಲೇ ಬ್ರೇಕು. ಮುಂದಿನ ಬ್ರೇಕ್ ಹಿಡಿದ್ರೆ ಪಲ್ಟಿ ಹೊಡೀತೀಯ ಅಂತ ಯಾವನೋ ಮಾವ ಹೇಳಿದ್ದು ಇನ್ನೂ ತಲೇಲಿ ಕೂತಿದೆ. ಬ್ರೇಕ್ ಹಾಕಿದಾಗ ತೂಕ ಮುಂದಕ್ಕೆ ಬರುತ್ತೆ, ಹಿಂದಿನ ಚಕ್ರ ಹಗುರ ಆಗುತ್ತೆ, ಹಾಗಾಗಿ ಗಾಡಿ ನಿಲ್ಲಿಸೋ ಕೆಲಸ ಬಹುಪಾಲು ಮುಂದಿನದ್ದೇ. 60ರಿಂದ 100ಕ್ಕೆ ಹೋದ್ರೆ ಕೊಲ್ಲಬೇಕಾದ ಶಕ್ತಿ ಹತ್ರ ಹತ್ರ ಮೂರು ಪಟ್ಟು, ಮತ್ತೆ 100ರಲ್ಲಿ ಒಂದು ಸೆಕೆಂಡಿಗೆ 28 ಮೀಟರ್ ಹೋಗಿಬಿಡ್ತೀರಿ, ನಿಮ್ಮ ಬೆರಳು ಲಿವರ್ ಮುಟ್ಟೋ ಮುಂಚೆ. ಸ್ಪ್ಲೆಂಡರ್ 80 ದಾಟಿದ್ರೆ ನಡುಗಿ ಹೇಳ್ತಿತ್ತು, ಈ ಗಾಡಿ 100ರಲ್ಲೂ ಸುಮ್ಮನಿರುತ್ತೆ, ಅದೇ ಅಪಾಯ. ಎರಡು ಬೆರಳಲ್ಲಿ ಲಿವರ್ ಮೊದಲು ಮೆತ್ತಗೆ ಒತ್ತಿ, ಫೋರ್ಕ್ ಕೂತ ಮೇಲೆ ಗಟ್ಟಿ ಹಿಂಡಿ. ಚಕ್ರ ಲಾಕ್ ಆಗದಂಗೆ ನೋಡಿಕೊಳ್ಳೋ ಎಬಿಎಸ್ ಕೆಲಸ ಮಾಡುವಾಗ ಲಿವರ್ ಕೈಯಲ್ಲಿ ಮಿಡಿಯುತ್ತೆ, ಹೆದರಿ ಬಿಡಬೇಡಿ. ಅದೇ ಮೈದಾನದಲ್ಲಿ 30ರಿಂದ, ಆಮೇಲೆ 50ರಿಂದ ನಿಲ್ಲಿಸಿ ನಿಲ್ಲಿಸಿ ಕೈಗೆ ರೂಢಿ ಮಾಡಿ. ಅಪಾಯ ಬಂದ್ರೆ ಗಾಡಿ ಮಲಗಿಸಿಬಿಡು ಅನ್ನೋ ರೀಲ್ಸ್ ಗುರುಗಳು ಇದಾರಲ್ಲ, ಟೈರ್ ಹಿಡಿಯೋ ಹಿಡಿತ ಕ್ರ್ಯಾಶ್ ಗಾರ್ಡ್ ಹಿಡಿಯುತ್ತಾ? ಅಂಥೋರ ಮಾತು ಕೇಳಬೇಡಿ.

ಲಡಾಖ್ ಈ ವರ್ಷ ಬೇಡ. ಅಲ್ಲಿನ ಖರ್ದುಂಗ್ ಲಾ ಕಣಿವೆದಾರಿ 17,500 ಅಡಿ ಮೇಲೆ, ಅಲ್ಲಿ ಇಂಜಿನ್ನಿಗೂ ಉಸಿರು ಕಮ್ಮಿ ನಿಮಗೂ ಕಮ್ಮಿ, ಮಧ್ಯಾಹ್ನ ಆದ್ರೆ ಹಿಮ ಕರಗಿ ರಸ್ತೆ ದಾಟೋ ನಾಲಾ (ಹಳ್ಳ) ನೀರು ಏರುತ್ತೆ, ಆ ನೀರಲ್ಲಿ ದುಂಡಗಿನ ಕಲ್ಲಿನ ಮೇಲೆ ಮೊದಲ ಸಲ ಹಾಫ್ ಕ್ಲಚ್ ಕಲಿಯೋಕೆ ಆಗಲ್ಲ. ಮೊದಲು ಖಂಡಾಳಾ ಹಳೇ ರಸ್ತೆ, ಆಮೇಲೆ ಮಳೆಗಾಲ ಮುಗಿದ ಮೇಲೆ ತಾಮ್ಹಿಣಿ ಘಾಟ್, ಅದೂ ವಾರದ ನಡುವೆ, ಶನಿವಾರ ಭಾನುವಾರ ಅಲ್ಲಿ ಸೆಲ್ಫಿ ಜಾತ್ರೆ. ಮೂರನೇದಾಗಿ ಊರಿಗೇ ಹೋಗಿಬನ್ನಿ, ಸೊಲ್ಲಾಪುರದ ಮೇಲೆ ವಿಜಯಪುರ, 350 ಕಿಲೋಮೀಟರ್ ಆಗುತ್ತೆ, ಒಂದು ದಿನದ ದೂರದಲ್ಲಿ ಬೆನ್ನು, ಅಂಗೈ, ಗಮನ ಎಲ್ಲಿಗೆ ಸೋಲ್ತವೆ ಅಂತ ಗೊತ್ತಾಗುತ್ತೆ. ಕಬ್ಬಿನ ಸೀಸನ್ನಲ್ಲಿ ಕತ್ತಲಾದ ಮೇಲೆ ಆ ರಸ್ತೆ ಹಿಡಿಯಬೇಡಿ, ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರಿಗೆ ಹಿಂದೆ ಲೈಟೇ ಇರಲ್ಲ. ಮತ್ತೆ ವಾಪಸ್ ಬಂದ ಮೇಲೂ ಲಡಾಖ್ ಆಸೆ ಹಾಗೇ ಇದ್ರೆ ಮುಂದಿನ ವರ್ಷ ಹೋಗಿ. ಫ್ರೆಂಡ್ಸ್ ಕಾಯಲ್ಲ ಅಂದ್ರೆ ಅವರು ಹೋಗಲಿ.

ಇನ್ನೊಂದು ಮಾತು. ಯುರೋಪಲ್ಲಿ ಎ2 ಅನ್ನೋ ಮಧ್ಯಮ ದರ್ಜೆ ಬೈಕ್ ಲೈಸೆನ್ಸ್ ಇರೋರು 35 ಕಿಲೋವ್ಯಾಟ್‌ಗಿಂತ (47 ಎಚ್‌ಪಿ ಹತ್ರ) ಜಾಸ್ತಿ ಪವರಿನ ಬೈಕ್ ಮುಟ್ಟೋ ಹಾಗಿಲ್ಲ. ನಮ್ಮಲ್ಲಿ ಸ್ಪ್ಲೆಂಡರ್ ಮೇಲೆ ಟೆಸ್ಟ್ ಕೊಟ್ಟು ತಗೊಂಡ ಲೈಸೆನ್ಸಲ್ಲೇ 145 ಎಚ್‌ಪಿಯ ಬಿಎಂಡಬ್ಲ್ಯೂ ಆರ್ 1300 ಜಿಎಸ್ ಓಡಿಸಬಹುದು. ಕಾನೂನು ತಡೆಯಲ್ಲ, ಹಾಗಾಗಿ ನೀವೇ ನಿಮ್ಮನ್ನ ತಡೆದುಕೊಳ್ಳಬೇಕು. ಸ್ಪ್ಲೆಂಡರ್ ಮಾರಬೇಡಿ, ಹಾಲು ತರೋಕೆ, ಹಿಂಜವಡಿ ಟ್ರಾಫಿಕ್ಕಿಗೆ ಅದೇ ಸರಿ.

ಪ್ರಶ್ನೆ: ಮೈಲೇಜ್ ಎಷ್ಟು ಕೊಡುತ್ತೆ?
30ರ ಆಸುಪಾಸು. ಮೊದಲ ಪ್ರಶ್ನೆ ಇದೇ ಆಗಿದ್ರೆ ಈ ಗಾಡಿ ನಿಮಗಲ್ಲ.

ಪ್ರಶ್ನೆ: ದೊಡ್ಡ ಬೈಕಲ್ಲಿ ಪುಣೆ–ಮುಂಬೈ ಎಕ್ಸ್‌ಪ್ರೆಸ್‌ವೇ ಬಿಡ್ತಾರಾ?
ಇಲ್ಲ, ಟೂ ವೀಲರ್ ಯಾವುದಕ್ಕೂ ಇಲ್ಲ. ಅಟಲ್ ಸೇತು, ಸಮೃದ್ಧಿ ಮಹಾಮಾರ್ಗಕ್ಕೂ ಅದೇ ಉತ್ತರ, ಇನ್ನು ಕೇಳಬೇಡಿ.

ಪ್ರಶ್ನೆ: ಟೈರಿಗೆ ನೈಟ್ರೋಜನ್ ಹಾಕಿಸಲೇಬೇಕಂತೆ?
ಮಾಮೂಲಿ ಗಾಳಿಯಲ್ಲೇ 78 ಪರ್ಸೆಂಟ್ ನೈಟ್ರೋಜನ್ ಇದೆ. ಆ ದುಡ್ಡಲ್ಲಿ ಒಂದು ಒಳ್ಳೆ ಪ್ರೆಶರ್ ಗೇಜ್ ತಗೊಳ್ಳಿ.

ಪ್ರಶ್ನೆ: ಕಾರಿನ ಸಿಂಥೆಟಿಕ್ ಆಯಿಲ್ ಹಾಕಿದ್ರೆ ಇಂಜಿನ್ ಸ್ಮೂತ್ ಆಗುತ್ತೆ ಅಂತ ಮೆಕ್ಯಾನಿಕ್ ಹೇಳ್ತಾನೆ.
ಮೆಕ್ಯಾನಿಕ್ ಬದಲಾಯಿಸಿ. ಬೈಕಿನ ಕ್ಲಚ್ ಅದೇ ಆಯಿಲಲ್ಲಿ ಮುಳುಗಿರುತ್ತೆ, ಎಷ್ಟೋ ಕಾರ್ ಆಯಿಲುಗಳಲ್ಲಿ ಜಾರಿಸೋಕೆ ಅಂತ ಸೇರಿಸಿದ ಅಂಶ ಇರುತ್ತೆ, ಕ್ಲಚ್ ಜಾರುತ್ತೆ. ಡಬ್ಬಿ ಮೇಲೆ ಬೈಕ್ ಆಯಿಲಿನ ಗುರುತು ಜಾಸೋ ಎಂಎ2 (JASO MA2) ಅಂತ ಇದ್ರೆ ಮಾತ್ರ ಹಾಕಿ, ಗ್ರೇಡ್ ಮ್ಯಾನುಯಲ್‌ನಲ್ಲಿ ಇರೋದೇ.

ಪ್ರಶ್ನೆ: 350 ಸಿಸಿ ಒಳಗೆ ತಗೊಂಡ್ರೆ ಟ್ಯಾಕ್ಸ್ ಕಮ್ಮಿ ಅಂತೆ, ಕಾಯಲಾ?
ಹೌದು, 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕ ಜಿಎಸ್‌ಟಿ 18, ಅದರ ಮೇಲೆ 40 ಪರ್ಸೆಂಟ್. ನನ್ನ ಕೇಳಿದ್ರೆ ಟ್ಯಾಕ್ಸಿಗಲ್ಲ, ತೂಕಕ್ಕೆ ಅಂತ ಹೀರೋ ಎಕ್ಸ್‌ಪಲ್ಸ್ ಥರದ 160-170 ಕೆಜಿ ಗಾಡಿ ತಗೊಳ್ಳಿ. ಸ್ಪ್ಲೆಂಡರ್‌ನಿಂದ ಬರೋ ಹೆಚ್ಚಿನೋರಿಗೆ ಇದೇ ಸರಿಯಾದ ಮೆಟ್ಟಿಲು, ಯಾರೂ ಕೇಳಲ್ಲ.

ಪ್ರಶ್ನೆ: ಯಜಮಾನರು ದೊಡ್ಡ ಬೈಕ್ ತಗೊಂಡಿದಾರೆ, ನಾನು ಹಿಂದೆ ಯಾವಾಗ ಕೂರಬಹುದು? (ಕೋಥ್ರೂಡ್‌ನಿಂದ ಒಬ್ಬ ಅಕ್ಕ)
ಅಕ್ಕಾ, ಅವರು ನಿಮ್ಮ ಸೊಸೈಟಿ ಒಳಗೆ ಕಾಲು ಕೆಳಗಿಡದೆ ಬಲಕ್ಕೆ ಯೂ ಟರ್ನ್ ಮಾಡಿ ತೋರಿಸಲಿ, ಆಮೇಲೆ. ಕೂರೋ ದಿನ ಸೀರೆ ಬೇಡ, ಎರಡೂ ಕಡೆ ಕಾಲು ಹಾಕಿ ಕೂರಿ, ಹೆಲ್ಮೆಟ್ ನಿಮ್ಮ ತಲೆ ಅಳತೆದು ಬೇರೆ ತಗೊಳ್ಳಿ, ಮತ್ತೆ ಅವರು ಹೂಂ ಅನ್ನೋ ತನಕ ಹತ್ತೋದು ಇಳಿಯೋದು ಮಾಡಬೇಡಿ, ನಿಂತ ಗಾಡಿ ಬೀಳೋದು ಹೆಚ್ಚಾಗಿ ಆಗಲೇ.

ಪ್ರಶ್ನೆ: ಕೆಎ ನಂಬರಲ್ಲಿ ಊರಲ್ಲೇ ರಿಜಿಸ್ಟರ್ ಮಾಡಿಸಿ ಪುಣೆಯಲ್ಲೇ ಓಡಿಸಿಕೊಂಡಿರಬಹುದಾ?
12 ತಿಂಗಳ ಮೇಲೆ ಇಲ್ಲೇ ಇಟ್ಟುಕೊಂಡ್ರೆ ಮಹಾರಾಷ್ಟ್ರದ ನಂಬರ್ ಮಾಡಿಸಲೇಬೇಕು, ಇಲ್ಲಿನ ಟ್ಯಾಕ್ಸೂ ಕಟ್ಟಬೇಕು. ಇಲ್ಲೇ ಇರೋರು ಇಲ್ಲೇ ರಿಜಿಸ್ಟರ್ ಮಾಡಿಸಿ.